ಡಯಲ್ ಟೋನ್ ಕೇಳದ ಮೋಡೆಮು

ಶ್ರೀರಂಗಪಟ್ಟಣ ಮತ್ತು ಪಾಂಡವಪುರಕ್ಕೆ 08236, ನಾಗಮಂಗಲಕ್ಕೆ 08234, ಕೃಷ್ಣರಾಜಪೇಟೆಗೆ 08230. ಮಂಡ್ಯ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಎಸ್‌ಟಿಡಿ ಸಂಖ್ಯೆಗಳು ಒಂದು ಕಾಲಕ್ಕೆ ಅಂಗಡಿಯ ಬೋರ್ಡಿನಲ್ಲಿ, ಲಗ್ನಪತ್ರಿಕೆಯ ಮೂಲೆಯಲ್ಲಿ, ಹಳದಿ ಬಣ್ಣದ ದೂರವಾಣಿ ಬೂತಿನ ಗೋಡೆಯ ಮೇಲೆ ತಪ್ಪದೆ ಕಾಣುತ್ತಿದ್ದವು. ಮೊಬೈಲ್ ಬಂದ ಮೇಲೆ ಅವು ಮರೆಗೆ ಸರಿದವು. ಆದರೆ ಈ ಸಂಖ್ಯೆಗಳ ಹಿಂದಿದ್ದ ತಾಮ್ರದ ತಂತಿಯ ಮೇಲೆಯೇ ನಮ್ಮ ಸಣ್ಣ ಊರುಗಳು ಮೊದಲ ಬಾರಿಗೆ ಇಂಟರ್‌ನೆಟ್ಟಿನ ಬಾಗಿಲು ತಟ್ಟಿದ್ದು.

ಸುಮಾರು 2003ನೆಯ ಇಸವಿ ಎಂದು ಇಟ್ಟುಕೊಳ್ಳೋಣ. ಕೆ.ಆರ್. ಪೇಟೆಯ ಒಬ್ಬ ವಿದ್ಯಾರ್ಥಿಗೆ ಬೆಂಗಳೂರಿನ ಬಂಧುವೊಬ್ಬರಿಂದ ಹಳೆಯ ಲ್ಯಾಪ್‌ಟಾಪ್ ಒಂದು ಸಿಕ್ಕಿದೆ. ಹೊಸ ವಿಂಡೋಸನ್ನು ಓಡಿಸುವ ಶಕ್ತಿ ಅದಕ್ಕಿಲ್ಲ, ಅದನ್ನು ಕೊಳ್ಳುವ ಶಕ್ತಿ ಇವನಿಗಿಲ್ಲ. ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಿಂದ ಲಿನಕ್ಸ್ ಹಾಕಿಕೊಂಡಿದ್ದಾನೆ. ಪರದೆ ಬೆಳಗುತ್ತದೆ, ಕೀಲಿಮಣೆ ನಡೆಯುತ್ತದೆ, ಶಬ್ದವೂ ಬರುತ್ತದೆ. ದೂರವಾಣಿ ತಂತಿ ಸಿಕ್ಕಿಸುವ ಕಿಂಡಿ ಮಾತ್ರ ಸತ್ತಂತಿದೆ. ಈ ವಿದ್ಯಾರ್ಥಿ ಕಲ್ಪನೆಯವನು. ಅವನ ತೊಡಕು ಕಲ್ಪನೆಯದಲ್ಲ. ಆ ವರ್ಷಗಳಲ್ಲಿ ಲೋಕದ ಎಲ್ಲೆಡೆ ಸಾವಿರಾರು ಮಂದಿ ಎದುರಿಸಿದ ತೊಡಕು ಅದು. ಅದಕ್ಕೆ ಕಾರಣ ದೂರವೂ ಅಲ್ಲ, ಬಡತನವೂ ಅಲ್ಲ ಎಂಬುದೇ ಈ ಬರಹದ ವಿಷಯ.

ಅಂಚೆಯಿಂದ ತಂತಿಗೆ

ಸುದ್ದಿ ಸಾಗಿಸುವ ವ್ಯವಸ್ಥೆ ಈ ಸೀಮೆಗೆ ಹೊಸದಲ್ಲ. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ, ಶ್ರೀರಂಗಪಟ್ಟಣ ರಾಜಧಾನಿಯಾಗಿದ್ದಾಗ, ಚಿಕ್ಕದೇವರಾಜ ಒಡೆಯರು ಮೈಸೂರು ಅಂಚೆಯನ್ನು ಏರ್ಪಡಿಸಿದರು. ಒಬ್ಬ ಓಟಗಾರ ತನ್ನ ಪಾಲಿನ ದಾರಿ ಮುಗಿಸಿ ಚೀಲವನ್ನು ಇನ್ನೊಬ್ಬನಿಗೆ ಒಪ್ಪಿಸುವ ಪದ್ಧತಿ ಅದು. 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ವಿಲೀನವಾಗುವವರೆಗೆ ಅದು ಸಂಸ್ಥಾನದ ಸ್ವಂತ ವ್ಯವಸ್ಥೆಯಾಗಿತ್ತು. ಅಂಚೆಯ ನೌಕರರು ಓಲೆಗಳ ಜೊತೆಗೆ ನಾಡಿನ ಗುಟ್ಟಿನ ವರದಿಗಳನ್ನೂ ಅರಸರಿಗೆ ತಲುಪಿಸುತ್ತಿದ್ದರೆಂದು ಚರಿತ್ರಕಾರರು ಬರೆದಿದ್ದಾರೆ. ಸುದ್ದಿ ಸಾಗಿಸುವವನ ಕೈಯಲ್ಲಿ ಅಧಿಕಾರವೂ ಇರುತ್ತದೆ ಎಂಬ ಮಾತು ಅಂದಿನಿಂದಲೂ ನಿಜ.

ದೂರವಾಣಿ ಹಳ್ಳಿಗಾಡಿಗೆ ನಿಜವಾಗಿ ತಲುಪಿದ್ದು 1980ರ ದಶಕದ ನಂತರ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ, ಸ್ಯಾಮ್ ಪಿತ್ರೋಡ ಅವರ ಮಾರ್ಗದರ್ಶನದಲ್ಲಿ, ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವೊಂದನ್ನು ರೂಪಿಸಿತು. ಅದನ್ನು ಮೊದಲು ಸ್ಥಾಪಿಸಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಈ ಪುಟ್ಟ ಕೇಂದ್ರಕ್ಕೆ ಹವಾನಿಯಂತ್ರಣ ಬೇಕಿರಲಿಲ್ಲ; ಹಳ್ಳಿಯ ಧೂಳು, ಬಿಸಿಲುಗಳನ್ನು ತಡೆದುಕೊಳ್ಳುವಂತೆ ಅದನ್ನು ಕಟ್ಟಲಾಗಿತ್ತು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಅದರ ವಿನ್ಯಾಸವನ್ನು ಒಬ್ಬನೇ ತಯಾರಕನ ಕೈಯಲ್ಲಿಡದೆ ಹಲವು ಕಂಪನಿಗಳಿಗೆ ಹಂಚಿಕೊಟ್ಟದ್ದು. ವಿನ್ಯಾಸ ತಿಳಿದವರು ಹೆಚ್ಚಾದಷ್ಟೂ ಕೇಂದ್ರಗಳು ಬೇಗ ಹಬ್ಬಿದವು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ತಂತಿ ಬಂತು, ಇಂಟರ್‌ನೆಟ್ ಬರಬೇಕಿತ್ತು. ಶಿಕ್ಷಣ ಮತ್ತು ಸಂಶೋಧನೆಗಾಗಿ 1986ರಲ್ಲಿ ಆರಂಭವಾದ ಅರ್ನೆಟ್ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮೊದಲಿನಿಂದಲೂ ಇತ್ತು. ಜನಸಾಮಾನ್ಯರಿಗೆ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಮೊದಲು ನಾಲ್ಕು ಮಹಾನಗರಗಳಲ್ಲಿ, ಆಮೇಲೆ ಬೆಂಗಳೂರು ಮುಂತಾದೆಡೆ. ವಿದ್ಯಾರ್ಥಿಗಳಿಗೆ 500 ರೂಪಾಯಿಯ ಖಾತೆ ಇತ್ತು, ಆದರೆ ಅದರಲ್ಲಿ ಬರಿಯ ಅಕ್ಷರ. ಚಿತ್ರಗಳೂ ಕಾಣಬೇಕೆಂದರೆ 15,000 ರೂಪಾಯಿ ತೆರಬೇಕಿತ್ತು. 1998ರ ನವೆಂಬರಿನಲ್ಲಿ ಖಾಸಗಿ ಕಂಪನಿಗಳಿಗೂ ಅವಕಾಶವಾಯಿತು. 2000ದ ಅಕ್ಟೋಬರ್ 1ರಂದು ಬಿಎಸ್‌ಎನ್‌ಎಲ್ ರೂಪುಗೊಂಡು ಅದರ ಸಂಚಾರನೆಟ್ ಸೇವೆ ಜಿಲ್ಲೆಗಳಿಗೆ ಇಳಿಯಿತು. 172ರಿಂದ ಆರಂಭವಾಗುವ ಸಂಖ್ಯೆಗೆ ಕರೆ ಮಾಡಿದರೆ ಸ್ಥಳೀಯ ಕರೆಯ ದರ ಮಾತ್ರ. ನಾಗಮಂಗಲದವನು ಬೆಂಗಳೂರಿಗೆ ಎಸ್‌ಟಿಡಿ ಮಾಡಿ ಮೀಟರಿನ ಓಟ ನೋಡುತ್ತಾ ಎದೆ ಹಿಡಿದುಕೊಳ್ಳುವ ಕಷ್ಟ ಅಲ್ಲಿಗೆ ತಪ್ಪಿತು.

ಮೋಡೆಮು ಮಾಡುವ ಕೆಲಸ

ದೂರವಾಣಿಯ ತಂತಿಯನ್ನು ಹಾಕಿದ್ದು ಮನುಷ್ಯರ ಮಾತಿಗಾಗಿ. ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಅದು ಸಾಗಿಸುತ್ತದೆ. ಗಣಕದ ಸೊನ್ನೆ ಒಂದುಗಳನ್ನು ಈ ಮಿತಿಯೊಳಗಿನ ಧ್ವನಿಯಾಗಿ ಮಾರ್ಪಡಿಸಿ ಕಳಿಸುವುದು, ಬಂದ ಧ್ವನಿಯನ್ನು ಮತ್ತೆ ಅಂಕಿಗಳಾಗಿ ಬಿಡಿಸುವುದು ಮೋಡೆಮಿನ ಕೆಲಸ. ಸಂಪರ್ಕವಾಗುವಾಗ ಕೇಳುತ್ತಿದ್ದ ಕಿರಿಚಾಟ, ಸುಯ್ಲುಗಳು ಎರಡು ಮೋಡೆಮುಗಳು ಪರಸ್ಪರ ಪರಿಚಯ ಹೇಳಿಕೊಂಡು, ತಂತಿ ಎಷ್ಟು ಚೆನ್ನಾಗಿದೆ, ಎಷ್ಟು ವೇಗದಲ್ಲಿ ಮಾತಾಡೋಣ ಎಂದು ಗೊತ್ತುಮಾಡಿಕೊಳ್ಳುವ ಮಾತುಕತೆ.

1962ರಲ್ಲಿ ಅಮೆರಿಕದ ಬೆಲ್ ಸಂಸ್ಥೆಯ ಮೋಡೆಮು ಸೆಕೆಂಡಿಗೆ 300 ಬಿಟ್ ಕಳಿಸುತ್ತಿತ್ತು. 1998ರ ಹೊತ್ತಿಗೆ ಈ ವೇಗ 56,000ಕ್ಕೆ ಏರಿತು. ಆದರೆ ಅದು ಕಾಗದದ ಮೇಲಿನ ಲೆಕ್ಕ. ವಿನಿಮಯ ಕೇಂದ್ರದಿಂದ ಮೈಲಿಗಟ್ಟಲೆ ದೂರದ ತೋಟದ ಮನೆಗೆ ಕಂಬದಿಂದ ಕಂಬಕ್ಕೆ ಹಾದು ಬಂದ ತಂತಿಯಲ್ಲಿ 33,600 ಸಿಕ್ಕರೆ ಅದೃಷ್ಟ. ಆ ವೇಗದಲ್ಲಿ ಒಂದು ಮೆಗಾಬೈಟ್ ಇಳಿಸಿಕೊಳ್ಳಲು ನಾಲ್ಕು ನಿಮಿಷಕ್ಕೂ ಮಿಗಿಲು. ಒಂದು ಪೂರ್ತಿ ಸಿ.ಡಿ.ಯಷ್ಟು ಎಂದರೆ, ತಂತಿ ಒಮ್ಮೆಯೂ ಕಡಿಯದೆ, ಸುಮಾರು 45 ಗಂಟೆ! ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಸಂಜೆಗಳಲ್ಲಂತೂ ತಂತಿಯನ್ನು ಕಿತ್ತಿಡುವುದೇ ಜಾಣತನವಾಗಿತ್ತು.

ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ನಮ್ಮಲ್ಲಿ ತಂತಿಯ ಮೂಲಕ ಹರಡದೆ ಸಿ.ಡಿ.ಯ ಮೂಲಕ ಹರಡಿದ್ದು ಈ ಕಾರಣಕ್ಕೇ. 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ತನ್ನ ಸಂಚಿಕೆಯೊಡನೆ ಲಿನಕ್ಸ್ ಸಿ.ಡಿ. ಹಂಚಿತು. ಅದರ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಇಂಟರ್‌ನೆಟ್ ಬರುವ ಮುನ್ನವೇ, 1989ರಿಂದ, ಅವರು ಬೆಂಗಳೂರಿನಲ್ಲಿ ಮೋಡೆಮಿನ ಮೂಲಕ ತಲುಪಬಹುದಾದ ‘ಸಿಐಎಕ್ಸ್’ ಎಂಬ ಗಣಕ ಸೂಚನಾಫಲಕವನ್ನು ನಡೆಸುತ್ತಿದ್ದರು. 2001ರಿಂದ ಬೆಂಗಳೂರಿನಲ್ಲಿ ನಡೆದ ಲಿನಕ್ಸ್ ಸಮಾವೇಶಗಳಲ್ಲೂ ಅವರದು ದೊಡ್ಡ ಪಾತ್ರ. 2013ರಲ್ಲಿ ಅವರು ತೀರಿಕೊಂಡರು. ಪತ್ರಿಕೆ ತಲುಪಿದ ಊರಿಗೆಲ್ಲ ಲಿನಕ್ಸ್ ತಲುಪುವ ಹಾದಿ ಹೀಗೆ ತೆರೆಯಿತು.

ಕೀಲಿ ಯಾರ ಕೈಯಲ್ಲಿ?

ಈಗ ನಮ್ಮ ವಿದ್ಯಾರ್ಥಿಯ ಬಳಿಗೆ ಬರೋಣ. ಹಳೆಯ ಕಾಲದ ಮೋಡೆಮು ಒಂದು ಪ್ರತ್ಯೇಕ ಪೆಟ್ಟಿಗೆ. ಧ್ವನಿಯನ್ನು ಬಿಡಿಸುವ ಚಿಪ್ಪು, ಆಜ್ಞೆಗಳನ್ನು ಅರ್ಥಮಾಡಿಕೊಳ್ಳುವ ಚಿಪ್ಪು ಎರಡೂ ಅದರೊಳಗೇ ಇರುತ್ತಿದ್ದವು. 1981ರಲ್ಲಿ ಹೇಯ್ಸ್ ಕಂಪನಿ ತನ್ನ ಮೋಡೆಮಿಗೆ ಸರಳ ಆಜ್ಞೆಗಳ ಒಂದು ಭಾಷೆ ಕೊಟ್ಟಿತು. ‘ಎಟಿ’ ಎಂದರೆ ಗಮನ ಕೊಡು. ‘ಎಟಿಡಿಟಿ’ ಎಂದರೆ ಟೋನ್ ವಿಧಾನದಲ್ಲಿ ಸಂಖ್ಯೆ ಒತ್ತು. ‘ಎಟಿಡಿಪಿ’ ಎಂದರೆ ಹಳೆಯ ತಿರುಗು ಚಕ್ರದ ದೂರವಾಣಿಯಂತೆ ಟಕಟಕ ಎಂದು ಮಿಡಿ. ಉಳಿದ ತಯಾರಕರೂ ಇದೇ ಭಾಷೆಯನ್ನು ಅನುಸರಿಸಿದರು. ಇಂಥ ಮೋಡೆಮು ಯಾವ ಗಣಕಕ್ಕೂ, ಯಾವ ವ್ಯವಸ್ಥೆಗೂ ಒಗ್ಗುತ್ತಿತ್ತು. ಲಿನಕ್ಸಿಗೂ ಅಷ್ಟೇ.

1990ರ ದಶಕದ ಕೊನೆಯ ಹೊತ್ತಿಗೆ ತಯಾರಕರು ಖರ್ಚು ಉಳಿಸಲು ಒಂದು ಉಪಾಯ ಕಂಡರು. ಮೋಡೆಮಿನ ಕೆಲವು ಚಿಪ್ಪುಗಳನ್ನು ತೆಗೆದುಹಾಕಿ ಅವುಗಳ ಕೆಲಸವನ್ನು ಗಣಕದ ಮುಖ್ಯ ಸಂಸ್ಕಾರಕಕ್ಕೇ ವಹಿಸಿದರು. ಇದನ್ನು ನಡೆಸುವ ತಂತ್ರಾಂಶವನ್ನು ವಿಂಡೋಸಿಗೆ ಮಾತ್ರ ಬರೆದರು. ಆದ್ದರಿಂದಲೇ ಜನ ಇವನ್ನು ‘ವಿನ್‌ಮೋಡೆಮ್’ ಎಂದು ಕರೆದರು. ಅಗ್ಗ, ಹಗುರ, ಸ್ಥಳವೂ ಕಡಿಮೆ. ಹಾಗಾಗಿ ಲ್ಯಾಪ್‌ಟಾಪುಗಳ ಹೊಟ್ಟೆಯಲ್ಲಿ ಬಹುಪಾಲು ಇವೇ ಸೇರಿದವು. ಒಳಗಿನ ಕೆಲಸದ ವಿವರವನ್ನು ತಯಾರಕರು ಸಾಮಾನ್ಯವಾಗಿ ಹೊರಗೆ ಬಿಡಲಿಲ್ಲ. ಅಡುಗೆಯವನನ್ನು ಮನೆಗೆ ಕಳಿಸಿ, ಅಡುಗೆಯ ವಿಧಾನವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಂತೆ.

ವಿದ್ಯಾರ್ಥಿಯ ಪಾಡು ನೋಡಿ. ಬೀಗದ ಕೀಲಿ, ಅಂದರೆ ಚಾಲಕ ತಂತ್ರಾಂಶ, ಇರುವುದು ಇಂಟರ್‌ನೆಟ್ಟಿನಲ್ಲಿ. ಅಲ್ಲಿಗೆ ಹೋಗಲು ಮೋಡೆಮು ಬೇಕು. ಮೋಡೆಮು ನಡೆಯಲು ಚಾಲಕ ಬೇಕು! ಬಸ್ಸು ಹತ್ತಿ ಮೈಸೂರಿನ ಸೈಬರ್ ಕೇಂದ್ರಕ್ಕೆ ಹೋಗಿ, ಫ್ಲಾಪಿಯಲ್ಲಿ ತುಂಬಿಕೊಂಡು ಬರುವುದೊಂದೇ ದಾರಿ. ತಂದ ಚಾಲಕ ಲಿನಕ್ಸ್ ತಿರುಳಿನ ಬೇರೊಂದು ಆವೃತ್ತಿಗೆ ಮಾಡಿದ್ದಾದರೆ ಅದು ಕೂರುವುದಿಲ್ಲ. ಮತ್ತೆ ಬಸ್ಸು.

ಹಾಗಾದರೆ ಕೀಲಿ ಮಾಡಿದವರು ಯಾರು? ಲೋಕದ ಬೇರೆ ಬೇರೆ ಮೂಲೆಗಳ ಬಳಕೆದಾರರು ‘ಲಿನ್‌ಮೋಡೆಮ್ಸ್’ ಎಂಬ ಹೆಸರಿನಲ್ಲಿ ಒಂದುಗೂಡಿ, ಯಾವ ಲ್ಯಾಪ್‌ಟಾಪಿನಲ್ಲಿ ಯಾವ ಚಿಪ್ಪಿದೆ ಎಂದು ಪತ್ತೆಹಚ್ಚುವ ‘ಸ್ಕ್ಯಾನ್‌ಮೋಡೆಮ್’ ಎಂಬ ಸಾಧನವನ್ನು ಸಿದ್ಧಪಡಿಸಿದರು. ಕೆಲವು ಕಂಪನಿಗಳು ಅರೆಮನಸ್ಸಿನಿಂದ ಬಾಗಿಲು ತೆರೆದವು. ಲ್ಯೂಸೆಂಟ್, ಸ್ಮಾರ್ಟ್‌ಲಿಂಕ್ ಚಿಪ್ಪುಗಳ ಚಾಲಕಗಳಲ್ಲಿ ಹೊರಗಿನ ಪದರದ ಮೂಲಪಾಠ ಸಿಗುತ್ತಿತ್ತು, ಒಳತಿರುಳು ಮುಚ್ಚಿದ ಗಂಟಾಗಿಯೇ ಇತ್ತು. ಕೊನೆಕ್ಸೆಂಟ್ ಚಿಪ್ಪಿಗೆ ಲಿನಕ್ಸೆಂಟ್ ಕಂಪನಿ ಕೊಟ್ಟ ಉಚಿತ ಚಾಲಕದಲ್ಲಿ ವೇಗವನ್ನು ಸೆಕೆಂಡಿಗೆ 14,400 ಬಿಟ್ಟಿಗೆ ಕಟ್ಟಿಹಾಕಲಾಗಿತ್ತು. ಪೂರ್ತಿ ವೇಗ ಬೇಕಿದ್ದರೆ ಹಣ ಕೊಡಬೇಕು. ಇದಕ್ಕೆ ಬೇರೆಯಾಗಿ ಐಬಿಎಂ ತನ್ನ ಥಿಂಕ್‌ಪ್ಯಾಡ್‌ಗಳಲ್ಲಿದ್ದ ಎಂವೇವ್ ಮೋಡೆಮಿನ ಚಾಲಕವನ್ನು ಲಿನಕ್ಸ್ ತಿರುಳಿಗೇ ಸೇರುವಂತೆ ಮುಕ್ತವಾಗಿ ನೀಡಿತು. ಮನಸ್ಸಿದ್ದರೆ ಮಾರ್ಗವಿತ್ತು ಎಂಬುದಕ್ಕೆ ಅದು ಸಾಕ್ಷಿ.

ಸ್ವರ ಇದೆ, ಕೇಳುತ್ತಿಲ್ಲ

ಚಾಲಕ ಕೂತಿತು ಎನ್ನೋಣ. ವಿದ್ಯಾರ್ಥಿ ‘ಎಟಿ’ ಎಂದು ಬರೆದರೆ ಮೋಡೆಮು ‘ಓಕೆ’ ಎನ್ನುತ್ತದೆ. ಸಂತೋಷದಿಂದ ಸಂಖ್ಯೆ ಕೊಡುತ್ತಾನೆ. ಪರದೆಯ ಮೇಲೆ ಮೂಡುವ ಉತ್ತರ: ‘ನೋ ಡಯಲ್‌ಟೋನ್’. ಪಕ್ಕದ ದೂರವಾಣಿಯ ರಿಸೀವರ್ ಎತ್ತಿ ಕಿವಿಗಿಟ್ಟರೆ ಗುಂಯ್ ಎಂಬ ನಾದ ಸ್ಪಷ್ಟವಾಗಿ ಕೇಳುತ್ತಿದೆ! ಮನುಷ್ಯನಿಗೆ ಕೇಳುವ ಸ್ವರ ಯಂತ್ರಕ್ಕೇಕೆ ಕೇಳದು?

ಉತ್ತರ ಸರಳ. ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಸ್‌ನ ಎರಡು ಸ್ವರಗಳ ಕೂಟ. ನಮ್ಮದು 400 ಹರ್ಟ್ಸ್ ಆಸುಪಾಸಿನ, ತುಸು ನಡುಗುವ ಒಂದೇ ಸ್ವರ. ಅಮೆರಿಕದ ಸ್ವರಕ್ಕೆ ಶ್ರುತಿಗೊಂಡ ಮೋಡೆಮು ನಮ್ಮ ಸ್ವರವನ್ನು ಸ್ವರವೆಂದೇ ಗುರುತಿಸದೆ ಸುಮ್ಮನಾಗಬಹುದಿತ್ತು. ಪರಿಹಾರ ಎರಡೇ ಅಕ್ಷರದಷ್ಟು: ಆರಂಭದ ಆಜ್ಞೆಯಲ್ಲಿ ‘ಎಕ್ಸ್3’ ಎಂದು ಸೇರಿಸಿದರೆ, ಮೋಡೆಮು ಡಯಲ್ ಟೋನಿಗೆ ಕಾಯದೆ ಸಂಖ್ಯೆ ಒತ್ತುತ್ತದೆ. ಹಳೆಯ ಹೇಯ್ಸ್ ಭಾಷೆಯಲ್ಲಿದ್ದ, ಕೈಪಿಡಿಯಲ್ಲಿ ಅಚ್ಚಾಗಿದ್ದ, ಎಲ್ಲರಿಗೂ ತೆರೆದಿದ್ದ ಆಜ್ಞೆ ಅದು. ಹೊರದೇಶದ ಯಾವ ತಂತ್ರಜ್ಞನೂ ಕೃಷ್ಣರಾಜಪೇಟೆಯ ತಂತಿಗೆ ಕಿವಿಗೊಟ್ಟವನಲ್ಲ. ಆದರೂ ಭಾಷೆ ಬಯಲಲ್ಲಿದ್ದುದರಿಂದ ಇಲ್ಲಿನವನೇ ರಿಪೇರಿ ಮಾಡಿಕೊಳ್ಳಲು ಸಾಧ್ಯವಾಯಿತು.

ಇನ್ನು ಉಳಿದದ್ದು ಕೊನೆಯ ಮೆಟ್ಟಿಲು. ಸಂಪರ್ಕದ ಬಳಿಕ ಎರಡೂ ತುದಿಗಳು ‘ಪಿಪಿಪಿ’ ಎಂಬ ಒಡಂಬಡಿಕೆಯಂತೆ ಹೆಸರು, ಗುಪ್ತಪದ, ವಿಳಾಸ ವಿನಿಮಯ ಮಾಡಿಕೊಳ್ಳಬೇಕು. ಈ ಕೆಲಸಕ್ಕೆ ಲಿನಕ್ಸಿನಲ್ಲಿ ‘ಡಬ್ಲ್ಯುವಿ ಡಯಲ್’ ಎಂಬ ಜಾಣ ತಂತ್ರಾಂಶವಿತ್ತು. ಎದುರಿನ ತುದಿ ಏನು ಕೇಳುತ್ತಿದೆ ಎಂದು ಊಹಿಸಲು ಹೋಗಿ ಅದು ಕೆಲವೊಮ್ಮೆ ಮುಗ್ಗರಿಸುತ್ತಿತ್ತು. ಆಗ ಅದರ ಕಡತದಲ್ಲಿ ‘ಸ್ಟುಪಿಡ್ ಮೋಡ್’, ಅಂದರೆ ದಡ್ಡ ವಿಧಾನ, ಎಂಬುದನ್ನು ಜಾರಿಗೆ ತಂದರೆ ಊಹೆ ಬಿಟ್ಟು ನೇರ ಕೆಲಸಕ್ಕಿಳಿಯುತ್ತಿತ್ತು. ಅತಿ ಜಾಣತನಕ್ಕಿಂತ ದಡ್ಡತನ ಮೇಲಾದ ಸಂದರ್ಭಗಳು ಬಾಳಿನಲ್ಲೂ ಇಲ್ಲದಿಲ್ಲ!

ಉಳಿದ ಪಾಠ

ಇಂದು ಈ ಕಥೆ ಚರಿತ್ರೆ. ಭಾರತದ ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು. ಅಮೆರಿಕದ ಹೆಸರಾಂತ ಎಒಎಲ್ ಕಂಪನಿ ತನ್ನ ಡಯಲ್-ಅಪ್ ಸೇವೆಯನ್ನು 2025ರ ಸೆಪ್ಟೆಂಬರ್ 30ಕ್ಕೆ ಮುಗಿಸಿತು. ಅಂದು 45 ಗಂಟೆ ಬೇಡುತ್ತಿದ್ದ ಕಡತವನ್ನು ಇಂದು ಬಸ್ಸಿನಲ್ಲಿ ಕೂತವರು ಫೋನಿನಲ್ಲೇ ನಿಮಿಷಗಳಲ್ಲಿ ಇಳಿಸಿಕೊಳ್ಳುತ್ತಾರೆ.

ಆದರೆ ಆ ಹಳೆಯ ಲ್ಯಾಪ್‌ಟಾಪಿನ ಪ್ರಶ್ನೆ ಮುಗಿದಿಲ್ಲ. ಕಿತ್ತೂರಿನ ವಿನಿಮಯ ಕೇಂದ್ರ ಬೇಗ ಹಬ್ಬಲು ನೆರವಾದದ್ದು ಅದರ ವಿನ್ಯಾಸ ಹಲವರ ಕೈಗೆ ಸಿಕ್ಕಿದ್ದು. ತಂತಿಯ ಇನ್ನೊಂದು ತುದಿಯ ಮೋಡೆಮು ಸತ್ತಂತೆ ಬಿದ್ದಿದ್ದು ಅದರ ವಿನ್ಯಾಸ ಒಬ್ಬರ ಬೀರುವಿನಲ್ಲಿ ಉಳಿದದ್ದರಿಂದ. ಚಿಪ್ಪು ಕೆಟ್ಟಿರಲಿಲ್ಲ, ತಂತಿ ಕಡಿದಿರಲಿಲ್ಲ, ಹುಡುಗ ದಡ್ಡನಾಗಿರಲಿಲ್ಲ. ಇಂದು ನಮ್ಮ ಫೋನು, ಪಂಪ್‌ಸೆಟ್ಟಿನ ನಿಯಂತ್ರಕ, ಟ್ರ್ಯಾಕ್ಟರುಗಳೊಳಗೂ ಇಂಥ ತಂತ್ರಾಂಶ ಸೇರುತ್ತಿದೆ. ಕೊಳ್ಳುವ ಮುನ್ನ ಬೆಲೆ, ಮೈಲೇಜು ಕೇಳುವುದು ನಮ್ಮ ರೂಢಿ. ಕೆಟ್ಟರೆ ಊರಿನಲ್ಲೇ ಬಿಚ್ಚಿ ಸರಿಮಾಡಬಹುದೇ, ಮಾಡುವ ವಿಧಾನ ಎಲ್ಲಾದರೂ ಅಚ್ಚಾಗಿದೆಯೇ ಎಂಬ ಪ್ರಶ್ನೆಯನ್ನೂ ಅದರ ಜೊತೆಗೆ ಸೇರಿಸಿಕೊಳ್ಳುವುದು ಒಳ್ಳೆಯದು.