ಒಂದು ಓಟಿನ ಬೆಲೆ

ಚುನಾವಣೆ ಬಂದಾಗಲೆಲ್ಲ ನಮ್ಮ ಕೇರಿಗಳಲ್ಲಿ ಕೇಳುವ ಮಾತೊಂದಿದೆ: 'ನನ್ನೊಬ್ಬನ ಓಟಿಂದ ಏನಾದದು?' ಇದಕ್ಕೆ ಚರಿತ್ರೆ 2004ರಲ್ಲೇ ಉತ್ತರ ಕೊಟ್ಟಿದೆ. ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ವಿಧಾನಸಭಾ ಕ್ಷೇತ್ರ. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಓಟು. ಜಾತ್ಯತೀತ ಜನತಾದಳದ ಎ.ಆರ್. ಕೃಷ್ಣಮೂರ್ತಿಯವರಿಗೆ 40,751. ಒಂದೇ ಓಟು!

ಕೃಷ್ಣಮೂರ್ತಿ ಹಿರಿಯ ದಲಿತ ನಾಯಕ ಬಿ. ರಾಚಯ್ಯನವರ ಮಗ. ಮತದಾನದ ದಿನ ಅವರ ಕಾರಿನ ಡ್ರೈವರಿಗೇ ಕೆಲಸದ ನಡುವೆ ಓಟು ಹಾಕಲು ಹೋಗಲಾಗಲಿಲ್ಲ ಎಂಬ ಸುದ್ದಿ ಆಮೇಲೆ ಊರೂರು ತಿರುಗಿತು. ಜನ ನಕ್ಕರು. ಇದು ನಗುವ ಮಾತಲ್ಲ. ದುಡಿಯುವವನಿಗೆ ಓಟಿನ ಹಕ್ಕಿತ್ತು, ಬಿಡುವಿರಲಿಲ್ಲ.

ಬಿಡುವೂ ಕಾನೂನಿನಲ್ಲಿತ್ತು. ಪ್ರಜಾಪ್ರತಿನಿಧಿ ಕಾಯ್ದೆಗೆ 1996ರಲ್ಲಿ ಸೇರಿದ 135ಬಿ ಕಲಮು, ಮತದಾನದ ದಿನ ದಿನಗೂಲಿಯವನಿಗೂ ಕೂಲಿ ಸಹಿತ ರಜೆ ಕೊಡಬೇಕೆನ್ನುತ್ತದೆ. ಕೊಡದ ಧಣಿಗೆ ದಂಡ ಎಷ್ಟು? ಹೆಚ್ಚೆಂದರೆ 500 ರೂಪಾಯಿ! ನಮ್ಮ ಹಕ್ಕಿಗೆ ಕಟ್ಟಿದ ಬೆಲೆ ಅದು.

2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರವೇ ಅಳಿಸಿಹೋಯಿತು. ಪಾಠ ಅಳಿಯಲಿಲ್ಲ. ಅದೇ ಧ್ರುವನಾರಾಯಣ 2019ರಲ್ಲಿ ಚಾಮರಾಜನಗರ ಲೋಕಸಭೆಗೆ ನಿಂತು, ವಿ. ಶ್ರೀನಿವಾಸ ಪ್ರಸಾದರ ಎದುರು 1,817 ಓಟಿನಿಂದ ಸೋತರು. ಆ ಕಡೆಯಿಂದ ಕೆಂಗೇರಿ, ರಾಜಾಜಿನಗರಕ್ಕೆ ಕೂಲಿಗೆ ಬಂದವರ ಹೆಸರು ಊರಿನ ಪಟ್ಟಿಯಲ್ಲಿ, ಮೈ ಇಲ್ಲಿ. ಓಟಿಗೆ ಹೋದರೆ ಬಸ್ ಚಾರ್ಜೂ ಹೋಯಿತು, ಕೂಲಿಯೂ ಹೋಯಿತು. ತಲೆಗೊಂದು ಓಟನ್ನು ಬಾಬಾಸಾಹೇಬರು ಕೊಡಿಸಿದರು. ಅದನ್ನು ಹಾಕುವ ದಿನದ ಕೂಲಿಯನ್ನು ನಾವೇ ಕೇಳಿ ಪಡೆಯಬೇಕು.