ಹಂಗಾಮು ಮತ್ತು ಹಾಜರಿ: ಗಡಿನಾಡಿನ ಕಬ್ಬು ಕಡಿಯುವವರ ಮಕ್ಕಳು

ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಶಾಲೆಗಳ ಕುರಿತ ಚರ್ಚೆ ಶಿಕ್ಷಕರ ನೇಮಕಾತಿ, ಪಠ್ಯಪುಸ್ತಕಗಳ ಪೂರೈಕೆ, ರಾಜ್ಯಭಾಷೆಯ ಒತ್ತಡ ಇವುಗಳ ಸುತ್ತ ನಡೆಯುವುದು ವಾಡಿಕೆ. ದೀಪಾವಳಿಯ ರಜೆ ಮುಗಿದು ಎರಡನೆಯ ಸತ್ರ ಆರಂಭವಾದಾಗ ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ ತರಗತಿಯಲ್ಲಿ ಕಾಣದ ಮಕ್ಕಳು ಆ ಚರ್ಚೆಯ ಅಂಚಿನಲ್ಲಿಯೇ ಉಳಿದಿದ್ದಾರೆ.

1950ರಲ್ಲಿ ಪ್ರವರಾನಗರದ ಸಹಕಾರಿ ಕಾರ್ಖಾನೆ ಕಬ್ಬು ಅರೆಯಲಾರಂಭಿಸಿದ ನಂತರ ಪಶ್ಚಿಮ ಮಹಾರಾಷ್ಟ್ರದ ನೀರಾವರಿ ಪ್ರದೇಶಗಳಲ್ಲಿ ಇಂಥ ಕಾರ್ಖಾನೆಗಳು ಹಬ್ಬಿದವು. ಕಡಿಯುವ ಕೈಗಳು ಮಾತ್ರ ಮಳೆಯಿಲ್ಲದ ಸೀಮೆಯಿಂದ ಬರಬೇಕಾಯಿತು. 1972ರ ಬರಗಾಲ ಈ ವಲಸೆಗೆ ಮತ್ತಷ್ಟು ಜನರನ್ನು ದೂಡಿತು. ಇಲ್ಲಿ ಕೂಲಿಯ ಘಟಕ ವ್ಯಕ್ತಿಯಲ್ಲ, 'ಕೋಯ್ತಾ', ಅಂದರೆ ಗಂಡ ಹೆಂಡತಿಯ ಜೋಡಿ. ಮುಕಾದಮನು ಕೊಡುವ ಮುಂಗಡ, ಅಂದರೆ 'ಉಚಲ್', ಈ ಜೋಡಿಯ ದುಡಿಮೆಯ ಮೇಲೆ ನಿಂತಿರುತ್ತದೆ. ಮಕ್ಕಳಿಗಾಗಿ ತಾಯಿ ಊರಿನಲ್ಲಿ ಉಳಿದರೆ ಜೋಡಿಯೇ ಇಲ್ಲ. ಹೀಗಾಗಿ ಮಕ್ಕಳೂ ಹೊರಡುತ್ತಾರೆ. ನಸುಕಿನಲ್ಲಿ ತಂದೆತಾಯಿ ಗದ್ದೆಗಿಳಿದರೆ ಹಿರಿಯ ಮಗಳು ಗುಡಿಸಲಲ್ಲಿ ಕೂಸನ್ನು ಕಾಯುತ್ತಾಳೆ.

ಈ ಮಕ್ಕಳನ್ನು ಕಾನೂನು ಎರಡು ಬೇರೆ ಕಣ್ಣುಗಳಿಂದ ನೋಡಿದೆ. ಪ್ರಾಂತೀಯ ಶಿಕ್ಷಣ ಸಚಿವರ 1949ರ ಸಮ್ಮೇಳನವು, ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಮಾತೃಭಾಷಾ ಶಿಕ್ಷಕರನ್ನು ಒದಗಿಸಬೇಕೆಂದಿತು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಪ್ರಾಥಮಿಕ ಹಂತದ ಮಾತೃಭಾಷಾ ಬೋಧನೆಯ ಸೌಲಭ್ಯವನ್ನು ರಾಜ್ಯಗಳ ಹೊಣೆಯಾಗಿಸಿತು. ಆದರೆ ಈ ಎಣಿಕೆ ನೆಲೆನಿಂತ ಮಕ್ಕಳದು. ಕಾರ್ಖಾನೆಯ ಬಯಲಿನ ಗುಡಿಸಲುಗಳಲ್ಲಿ ಈ ವಾರ ಇದ್ದ ಹತ್ತು ಮಕ್ಕಳು ಮುಂದಿನ ವಾರ ಅಲ್ಲಿರುವ ಖಾತ್ರಿಯಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯದು ಇನ್ನೊಂದು ವಿಚಿತ್ರವಾಗಿತ್ತು. ಇಂಡಿಯಿಂದ ಕೊಲ್ಹಾಪುರಕ್ಕೆ ಹೋದವನು ಅದರ ಅರ್ಥದಲ್ಲಿ ವಲಸಿಗನಾಗಿದ್ದ. ಅದೇ ಕನ್ನಡವನ್ನಾಡುತ್ತ ಜತ್ತದಿಂದ ಹೋದವನು ಆಗಿರಲಿಲ್ಲ, ಅವನು ರಾಜ್ಯದ ಗಡಿ ದಾಟಿರಲಿಲ್ಲ. (ಜತ್ತದವನು ಅಥಣಿಯ ಕಡೆ ತಿರುಗಿದರೆ ಮಾತ್ರ ವಲಸಿಗನಾಗುತ್ತಿದ್ದ.) 2009ರ ಶಿಕ್ಷಣ ಹಕ್ಕು ಕಾಯಿದೆ ವರ್ಗಾವಣೆಯ ಹಕ್ಕನ್ನು ಕೊಟ್ಟಿತು, ಮಾತೃಭಾಷೆಯನ್ನು 'ಸಾಧ್ಯವಾದಷ್ಟು ಮಟ್ಟಿಗೆ' ಎಂಬ ಮಾತಿನೊಳಗೆ ಇರಿಸಿತು.

ಸಮಾಜಕಾರ್ಯದ ಪ್ರಯತ್ನಗಳು ಎರಡು ದಾರಿ ಹಿಡಿದವು. ಮೊದಲನೆಯದು ಶಾಲೆಯನ್ನೇ ಮಕ್ಕಳಿದ್ದಲ್ಲಿಗೆ ಒಯ್ಯುವುದು. ಈ ಶತಮಾನದ ಆರಂಭದ ವರ್ಷಗಳಲ್ಲಿ ಜನಾರ್ಥ ಸಂಸ್ಥೆ ಕಾರ್ಖಾನೆಗಳ ಬಳಿ ನಡೆಸಿದ 'ಸಾಖರ್ ಶಾಲೆ'ಗಳು ಇದರ ಪ್ರಸಿದ್ಧ ಉದಾಹರಣೆ. ಸಾವಿರಾರು ಮಕ್ಕಳಿಗೆ ಅವು ಹಂಗಾಮಿನ ತಿಂಗಳುಗಳನ್ನು ಉಳಿಸಿಕೊಟ್ಟವು. ಆ ಕೆಲಸದ ಬೆಲೆ ಕಡಿಮೆಯದಲ್ಲ. ಆದರೆ ಇಂಥ ಶಾಲೆಯ ಬೋಧನೆ ಮರಾಠಿಯದು. ಬೀಡದ ಮಗುವಿಗೆ ಅದು ಪಾಠದ ಮುಂದುವರಿಕೆ, ಕನ್ನಡ ಶಾಲೆಯ ಮಗುವಿಗೆ ಹೊಸ ಲಿಪಿಯ ಆರಂಭ. ಯುಗಾದಿಯ ಹೊತ್ತಿಗೆ ಊರಿಗೆ ಮರಳಿದಾಗ ಪರೀಕ್ಷೆಯ ಪ್ರಶ್ನೆಪತ್ರಿಕೆ ಮತ್ತೆ ಕನ್ನಡದಲ್ಲಿರುತ್ತದೆ.

ಎರಡನೆಯ ದಾರಿ ಹಂಗಾಮಿ ವಸತಿನಿಲಯ: ತಂದೆತಾಯಿ ಹೋಗಲಿ, ಮಗು ಊರಿನಲ್ಲಿಯೇ ಉಳಿಯಲಿ ಎಂಬ ವ್ಯವಸ್ಥೆ. ಇದನ್ನು ರೂಪಿಸಿದ್ದು ಶಾಲೆ ಬಿಡುವುದನ್ನು ತಡೆಯಲಿಕ್ಕೆ, ಭಾಷೆಯ ಸಲುವಾಗಿ ಅಲ್ಲ. ಆದರೂ ಕನ್ನಡ ಶಾಲೆಯಿರುವ ಊರಿನಲ್ಲಿ ಅದು ತಾನಾಗಿಯೇ ಮಾಧ್ಯಮವನ್ನು ಕಾಪಾಡುತ್ತದೆ. ಗಡಿನಾಡಿನ ದೃಷ್ಟಿಯಿಂದ ಇದೇ ಹೆಚ್ಚು ಹಿತವಾದ ಕ್ರಮವೆನ್ನಬೇಕು. ಹುಡುಗಿಯರ ವಿಷಯದಲ್ಲಿ ಮಾತ್ರ ಅದಕ್ಕೊಂದು ತೊಡಕಿದೆ. ಕೂಸನ್ನು ನೋಡಿಕೊಳ್ಳುವ ಮಗಳನ್ನು ಊರಿನಲ್ಲಿ ಬಿಟ್ಟುಹೋಗಲು ತಾಯಿಗೆ ಆಗುವುದಿಲ್ಲ. ಕಟ್ಟಡ ಕೂಲಿಗಳ ನಡುವೆ ಈ ಗಂಟನ್ನು ಗುರುತಿಸಿ ಮೀರಾ ಮಹಾದೇವನ್ ಅವರು 1969ರಲ್ಲಿ ದೆಹಲಿಯಲ್ಲಿ 'ಮೊಬೈಲ್ ಕ್ರೆಶಸ್' ಆರಂಭಿಸಿದ್ದರು. 1996ರ ಕಟ್ಟಡ ಕಾರ್ಮಿಕರ ಕಾಯಿದೆ 50ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವಲ್ಲಿ ಶಿಶುಪಾಲನಾ ಕೊಠಡಿಯನ್ನು ಕಡ್ಡಾಯಗೊಳಿಸಿತು. ಕಬ್ಬಿನ ಗದ್ದೆ ಆ ಕಾಯಿದೆಯ ವ್ಯಾಪ್ತಿಗೆ ಬರುತ್ತಿರಲಿಲ್ಲ.