ಕಿರ್ದಿ ಪುಸ್ತಕ ಮನೆಗೆ ಬಂದ ಕಥೆ

ಲೆಕ್ಕ ಬರೆಯುವವನ ಕೈಯಲ್ಲಿ ಎಷ್ಟು ಅಧಿಕಾರವಿರುತ್ತದೆಂಬುದನ್ನು ಹಳ್ಳಿಯ ಬೇರು ಇರುವವರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಶಾನುಭೋಗರ ಕಡತದಲ್ಲಿ ಯಾರ ಹೆಸರಿಗೆ ಎಷ್ಟು ಬರೆದಿದೆಯೋ ಅಷ್ಟೇ ಅವನ ಜಮೀನು. ಬರೆದವರು ಸತ್ಯವಂತರಾದರೆ ಊರಿನ ಪುಣ್ಯ, ಅಲ್ಲವಾದರೆ ಕೇಳುವವರಾರು? ಇದ್ದ ಪುಸ್ತಕ ಒಂದು. ಅದನ್ನು ಓದಬಲ್ಲವರು ನಾಲ್ಕಾರು ಮಂದಿ. ಅಂದಿನ ಮೈಸೂರು ರಾಜ್ಯವು ೧೯೬೧ರ ಕಾಯಿದೆಯ ಮೂಲಕ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿತು. ಆದರೆ ಒಂದೇ ಪುಸ್ತಕ, ಒಬ್ಬನೇ ಬರಹಗಾರ ಎಂಬ ಏರ್ಪಾಡು ಬ್ಯಾಂಕುಗಳಲ್ಲಿಯೂ ಕಚೇರಿಗಳಲ್ಲಿಯೂ ಇಂದಿಗೂ ನಡೆದುಬಂದಿದೆ. ಅದೇ ಪುಸ್ತಕದ ನಕಲು ಹಲವು ಮನೆಗಳಲ್ಲಿದ್ದು, ಹೊಸದಾಗಿ ಬರೆದ ಪ್ರತಿಯೊಂದು ಸಾಲನ್ನೂ ಮನೆಯವರೇ ತಾಳೆ ನೋಡಿ ಒಪ್ಪುವಂತಿದ್ದರೆ ಹೇಗೆ? ಈ ಪ್ರಶ್ನೆಗೆ ನಮ್ಮ ಕಾಲದ ಯಂತ್ರಗಳು ಕೊಟ್ಟಿರುವ ಒಂದು ಉತ್ತರವೇ ಬ್ಲಾಕ್‌ಚೈನ್.

ಆ ಹೆಸರೆತ್ತಿದೊಡನೆ ನಮ್ಮಲ್ಲಿ ಏಳುವ ಮಾತು ಬಿಟ್‌ಕಾಯಿನ್ನಿನ ಧಾರಣೆ. ಕೊಳ್ಳಬೇಕೆ, ಮಾರಬೇಕೆ ಎಂಬ ಆ ವಿಚಾರ ಕನ್ನಡ ಮೇಷ್ಟರಿಗೆ ಸೇರಿದುದಲ್ಲ; ಅದರ ಲಾಭದ ಮೇಲೆ ೨೦೨೨ರ ಏಪ್ರಿಲ್ ೧ರಿಂದ ನಮ್ಮ ಸರಕಾರ ಶೇಕಡ ೩೦ರ ತೆರಿಗೆ ವಿಧಿಸಿದೆಯೆಂಬುದನ್ನಷ್ಟು ನೆನಪಿಸಿ ಮುಂದೆ ಹೋಗುತ್ತೇನೆ. ನನ್ನ ಕುತೂಹಲ ಬೇರೆ. ಈ ಕಿರ್ದಿಯ ಪೂರ್ಣ ನಕಲನ್ನು ಇಟ್ಟುಕೊಂಡು, ಪ್ರತಿಯೊಂದು ವ್ಯವಹಾರವನ್ನೂ ನಿಯಮಕ್ಕೆ ಹೋಲಿಸಿ ನೋಡುವ ಯಂತ್ರಕ್ಕೆ ‘ನೋಡ್’ ಎಂದು ಹೆಸರು. ಅದನ್ನು ಸಾಮಾನ್ಯರೂ ತಮ್ಮ ಮನೆಯಲ್ಲಿ ನಡೆಸಬಹುದು. ನಡೆಸಬಹುದು ಸರಿ, ನಡೆಸುವುದನ್ನು ಕಲಿತದ್ದು ಹೇಗೆ, ಕಲಿಸಿದವರು ಯಾರು?

ಸತೋಷಿ ನಕಮೊಟೊ ಎಂಬ ಗುಪ್ತನಾಮದಲ್ಲಿ ಬಿಟ್‌ಕಾಯಿನ್ ಕುರಿತ ಲೇಖನ ಹೊರಬಂದದ್ದು ೨೦೦೮ರ ಅಕ್ಟೋಬರ್ ೩೧ರಂದು. ಮೊದಲ ಪುಟ, ಎಂದರೆ ಮೊದಲ ಬ್ಲಾಕ್, ಹುಟ್ಟಿದ್ದು ೨೦೦೯ರ ಜನವರಿ ೩ರಂದು. ಹೊರಗಿನವರಲ್ಲಿ ಮೊದಲು ಆ ಪುಸ್ತಕವನ್ನು ತಮ್ಮ ಯಂತ್ರದಲ್ಲಿ ತೆರೆದವರ ಪೈಕಿ ಅಮೆರಿಕದ ಹ್ಯಾಲ್ ಫಿನ್ನಿ ಪ್ರಮುಖರು. ಅದೇ ತಿಂಗಳ ೧೨ರಂದು ಸತೋಷಿಯಿಂದ ೧೦ ಬಿಟ್‌ಕಾಯಿನ್ ಪಡೆದವರೂ ಅವರೇ. ಕಂಡ ದೋಷಗಳನ್ನು ಇಬ್ಬರೂ ಪತ್ರದಲ್ಲಿ ಚರ್ಚಿಸಿ ತಿದ್ದಿಕೊಂಡರು. ಮೊದಲ ಪಾಠಶಾಲೆ ಇಷ್ಟೇ: ಇಬ್ಬರು ಮನುಷ್ಯರು, ಎರಡು ಯಂತ್ರಗಳು. ಆ ಕಾಲದಲ್ಲಿ ಹಣದ ಚೀಲ, ಪುಟ ಬರೆಯುವ ಲೇಖನಿ, ಲೆಕ್ಕದ ಪುಸ್ತಕ ಮೂರೂ ಒಂದೇ ತಂತ್ರಾಂಶದಲ್ಲಿದ್ದವು. ಆದ್ದರಿಂದ ಬಳಸಿದವರೆಲ್ಲರೂ ಪುಸ್ತಕ ಇಟ್ಟವರೇ.

ಈ ಸರಳತೆ ಬಹುಕಾಲ ಉಳಿಯಲಿಲ್ಲ. ಪುಟ ಬರೆದವರಿಗೆ ಸಂಭಾವನೆಯುಂಟಷ್ಟೆ; ೨೦೧೩ರ ವೇಳೆಗೆ ಆ ಕೆಲಸಕ್ಕೆಂದೇ ವಿಶೇಷ ಯಂತ್ರಗಳು ಬಂದು ಅದು ಕಾರ್ಖಾನೆಗಳ ಪಾಲಾಯಿತು. ಜೇಬಿನ ಫೋನು ಬಂದಮೇಲೆ, ಬೇರೆಯವರ ಪುಸ್ತಕವನ್ನು ಕೇಳಿ ತನ್ನ ಲೆಕ್ಕ ತಿಳಿಯುವ ಅಭ್ಯಾಸವೂ ಬೆಳೆಯಿತು. ಬರೆಯುವವರು ಕೆಲವರು, ನಂಬುವವರು ಹಲವರು ಎಂಬ ಹಳೆಯ ಏರ್ಪಾಡೇ ಹಿಂಬಾಗಿಲಿನಿಂದ ಒಳಗೆ ಬರತೊಡಗಿತು.

ಮನೆಯ ಪುಸ್ತಕದ ಬೆಲೆ ಜನಕ್ಕೆ ಗೊತ್ತಾದದ್ದು ೨೦೧೫ರಿಂದ ೨೦೧೭ರವರೆಗೆ ನಡೆದ ಒಂದು ದೊಡ್ಡ ಜಗಳದಲ್ಲಿ. ಸುಮಾರು ಹತ್ತು ನಿಮಿಷಕ್ಕೊಂದು ಪುಟ, ಒಂದು ಪುಟಕ್ಕೆ ಒಂದು ಮೆಗಾಬೈಟು ಎಂಬ ಮಿತಿಯನ್ನು ಸತೋಷಿ ೨೦೧೦ರಲ್ಲಿಯೇ ಇಟ್ಟಿದ್ದರು. ವ್ಯವಹಾರ ಹೆಚ್ಚಿದೆ, ಪುಟ ದೊಡ್ಡದಾಗಲಿ ಎಂದು ಒಂದು ಪಕ್ಷ. ಪುಟ ದೊಡ್ಡದಾದರೆ ಪುಸ್ತಕ ಬೆಳೆದು ಮನೆಯ ಯಂತ್ರದಲ್ಲಿ ಹಿಡಿಸದು, ಆಗ ಅದು ಕಂಪನಿಗಳ ಕಪಾಟು ಸೇರುತ್ತದೆ ಎಂದು ಇನ್ನೊಂದು ಪಕ್ಷ. ನಡುವೆ ಸೂಚಿತವಾಗಿದ್ದ ಸೆಗ್‌ವಿಟ್ ಎಂಬ ತಿದ್ದುಪಡಿ ಪುಟ ಬರೆಯುವವರ ಒಪ್ಪಿಗೆ ಸಿಗದೆ ನಿಂತಿತ್ತು. ೨೦೧೭ರ ಮೇ ತಿಂಗಳಲ್ಲಿ ಐವತ್ತಕ್ಕೂ ಹೆಚ್ಚು ಕಂಪನಿಗಳು ನ್ಯೂಯಾರ್ಕಿನಲ್ಲಿ ಒಂದು ಒಪ್ಪಂದ ಮಾಡಿಕೊಂಡವು: ತಿದ್ದುಪಡಿಯೂ ಬರಲಿ, ಪುಟವೂ ಇಮ್ಮಡಿಯಾಗಲಿ. ಆ ವರ್ಷದ ಆರಂಭದಲ್ಲಿಯೇ ಗುಪ್ತನಾಮದವರೊಬ್ಬರು ಮಂಡಿಸಿದ್ದ ಸಲಹೆ ಬೇರೆಯಾಗಿತ್ತು: ತಿದ್ದುಪಡಿಗೆ ಒಪ್ಪದವರು ಬರೆದ ಪುಟವನ್ನು ನಮ್ಮ ನಮ್ಮ ಮನೆಯ ನೋಡ್‌ಗಳು ಆಗಸ್ಟ್ ೧ರಿಂದ ತಿರಸ್ಕರಿಸಲಿ.

ಆಗಸ್ಟ್ ೧ರಂದು ದೊಡ್ಡ ಪುಟದ ಪಕ್ಷದವರು ಬಿಟ್‌ಕಾಯಿನ್ ಕ್ಯಾಶ್ ಎಂಬ ಬೇರೆ ಪುಸ್ತಕ ತೆರೆದು ಹೊರಟರು. ೨೪ರಂದು ತಿದ್ದುಪಡಿ ಜಾರಿಗೆ ಬಂದಿತು. ಪುಟವನ್ನು ಇಮ್ಮಡಿಸುವ ಯೋಜನೆಯನ್ನು ಅದರ ಮುಂದಾಳುಗಳೇ ನವೆಂಬರ್ ೮ರಂದು ಕೈಬಿಟ್ಟರು. ಇದರಲ್ಲಿ ಮನೆಯ ನೋಡ್‌ಗಳ ಪಾತ್ರವೆಷ್ಟು, ಕಂಪನಿಗಳ ಲೆಕ್ಕಾಚಾರವೆಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ. ಆದರೆ ತಾನು ಪುಸ್ತಕ ಇಟ್ಟರೆ ತನಗೂ ಒಂದು ‘ಒಲ್ಲೆ’ ಎನ್ನುವ ಅಧಿಕಾರವುಂಟೆಂಬ ಅರಿವು ಅಂದು ಹರಡಿತೆಂಬುದರಲ್ಲಿ ಸಂಶಯವಿಲ್ಲ.

ಅಧಿಕಾರವಿದ್ದರೆ ಸಾಲದು, ಕೈ ಬಳಗಬೇಕು. ಬಿಟ್‌ಕಾಯಿನ್ನಿನ ಪೂರ್ಣ ಪುಸ್ತಕ ಇಂದು ೬೦೦ ಗಿಗಾಬೈಟನ್ನು ಮೀರಿದೆ. ಅದನ್ನು ಮೊದಲ ಪುಟದಿಂದ ಇಳಿಸಿಕೊಂಡು ತಾಳೆ ನೋಡಲು ಸಣ್ಣ ಯಂತ್ರಕ್ಕೆ ದಿನಗಟ್ಟಲೆ ಹಿಡಿಯುತ್ತದೆ. ೨೦೧೨ರಲ್ಲಿ ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರು ಬಂದಮೇಲೆ ಹವ್ಯಾಸಿಗಳಿಗೆ ಧೈರ್ಯ ಬಂತು. ರಾಸ್‌ಪಿಬ್ಲಿಟ್ಜ್ ಎಂಬ ಜನಪ್ರಿಯ ಜೋಡಣೆಯ ಕೈಪಿಡಿಯಲ್ಲಿಯೇ, ಇದನ್ನು ಕಾರ್ಯಾಗಾರದಲ್ಲಿ ಎಲ್ಲರೊಡನೆ ಕಟ್ಟಬಹುದು, ಇಲ್ಲವೆ ವಾರಾಂತ್ಯದ ಕೆಲಸವಾಗಿ ಮನೆಯಲ್ಲಿ ಕಟ್ಟಬಹುದು ಎಂಬ ಆಶಯವಿದೆ. ಇದು ತೀರ ಹೊಸ ಪದ್ಧತಿಯೇನೂ ಅಲ್ಲ. ರೇಡಿಯೋ ಹವ್ಯಾಸಿಗಳ ಸಂಘಗಳಲ್ಲಿಯೂ, ೧೯೭೫ರ ಮಾರ್ಚ್ ೫ರಂದು ಕ್ಯಾಲಿಫೋರ್ನಿಯದ ಒಂದು ಗ್ಯಾರೇಜಿನಲ್ಲಿ ಮೊದಲು ಕೂಡಿದ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ಬಿನಲ್ಲಿಯೂ, ಮುಂದೆ ಲಿನಕ್ಸ್ ಬಳಗಗಳ ಕೂಟಗಳಲ್ಲಿಯೂ ಕ್ರಮ ಇದೇ: ಬಲ್ಲವನು ಪಕ್ಕದಲ್ಲಿ ಕೂತಿರಬೇಕು, ಸ್ಕ್ರೂ ತಿರುಗಿಸುವವನು ಕಲಿಯುವವನೇ ಆಗಿರಬೇಕು. ಉಳಿದದ್ದು ಪುಸ್ತಕದ ಬದನೆಕಾಯಿ.

ಈ ಪಾಠಕ್ರಮ ಹೆಚ್ಚು ಗಂಭೀರವಾದದ್ದು ಈಥೀರಿಯಮ್ ಎಂಬ ಇನ್ನೊಂದು ಬ್ಲಾಕ್‌ಚೈನಿನಲ್ಲಿ. ೨೦೧೫ರ ಜುಲೈ ೩೦ರಂದು ಆರಂಭವಾದ ಅದು ೨೦೨೦ರ ಡಿಸೆಂಬರ್ ೧ರಂದು ಒಂದು ಹೊಸ ಏರ್ಪಾಡನ್ನು ತೆರೆಯಿತು. ೩೨ ಈಥರ್ ನಾಣ್ಯಗಳನ್ನು ಠೇವಣಿಯಿಟ್ಟವನಿಗೆ ಪುಟಗಳಿಗೆ ಸಾಕ್ಷಿ ಹಾಕುವ ಅಧಿಕಾರ. ಒಂದೇ ಸಂಗತಿಗೆ ಎರಡು ವಿರುದ್ಧ ಸಾಕ್ಷಿ ಹಾಕಿದರೆ ಠೇವಣಿಯಲ್ಲಿ ಕಡಿತ, ಬಹಿಷ್ಕಾರ. ೨೦೨೨ರ ಸೆಪ್ಟೆಂಬರ್ ೧೫ರಿಂದ ಇಡೀ ಈಥೀರಿಯಮ್ ಈ ಕ್ರಮದಲ್ಲಿಯೇ ನಡೆದಿದೆ. ಇಲ್ಲಿ ಕಲಿಯದೆ ಕೈಹಾಕಿದವನು ಗಂಟು ಕಳೆದುಕೊಳ್ಳಬಹುದು. ಅದಕ್ಕಾಗಿಯೇ ಬೆಲೆಯಿಲ್ಲದ ನಾಣ್ಯಗಳ ಅಭ್ಯಾಸದ ಜಾಲಗಳನ್ನು ಕಟ್ಟಿದರು. ಈಥ್‌ಸ್ಟೇಕರ್ ಎಂಬ ಸ್ವಯಂಸೇವಕರ ಬಳಗ ಹೊಸಬರನ್ನು ಕೈಹಿಡಿದು ನಡೆಸತೊಡಗಿತು. ಠೇವಣಿ ಕಟ್ಟುವ ಕಟ್ಟೆಯಲ್ಲಿಯೂ ಅಪಾಯಗಳನ್ನು ಒಂದೊಂದಾಗಿ ಓದಿಸಿ, ಒಪ್ಪಿಗೆ ಪಡೆದಮೇಲೆಯೇ ಒಳಗೆ ಬಿಡುವ ಕ್ರಮ ಬಂತು.

ಅಭ್ಯಾಸದಲ್ಲಿ ಬಿದ್ದ ಪೆಟ್ಟುಗಳೇ ದೊಡ್ಡ ಪಾಠಗಳಾದವು. ಮೆಡಾಲ ಎಂಬ ಅಭ್ಯಾಸದ ಜಾಲ ೨೦೨೦ರ ಆಗಸ್ಟ್ ೪ರಂದು ಆರಂಭವಾಗಿ ಹತ್ತೇ ದಿನಕ್ಕೆ ಕುಸಿಯಿತು. ಬಹುಪಾಲು ಜನ ಬಳಸುತ್ತಿದ್ದುದು ಪ್ರಿಸ್ಮ್ ಎಂಬ ಒಂದೇ ತಂತ್ರಾಂಶ; ಅದಕ್ಕೆ ಹೊರಗಿನಿಂದ ತಪ್ಪು ವೇಳೆ ಬಂದು, ಅಷ್ಟೂ ಯಂತ್ರಗಳ ಗಡಿಯಾರ ಒಟ್ಟಿಗೆ ಕೆಟ್ಟಿತು. ಓಲೆಗರಿ ಪ್ರತಿಗಳನ್ನು ಹೋಲಿಸಿ ಹಳಗನ್ನಡ ಕಾವ್ಯಗಳನ್ನು ಸಂಪಾದಿಸುವವರಿಗೆ ಇದರ ಮರ್ಮ ಕೂಡಲೆ ಹೊಳೆದೀತು. ಹತ್ತು ಪ್ರತಿಗಳಿದ್ದರೇನು? ಹತ್ತೂ ಒಂದೇ ಮಾತೃಕೆಯಿಂದ ಇಳಿದವಾದರೆ ಆ ಲಿಪಿಕಾರನ ತಪ್ಪು ಹತ್ತರಲ್ಲಿಯೂ ಕೂತಿರುತ್ತದೆ. ಬೇರೆ ಶಾಖೆಯ ಒಂದು ಪ್ರತಿ ಸಿಕ್ಕಿದರೆ ಶುದ್ಧಪಾಠಕ್ಕೆ ದಾರಿ. ಬೇರೆ ಬೇರೆ ತಂಡಗಳು ಬರೆದ ತಂತ್ರಾಂಶಗಳನ್ನು ಬಳಸಿರೆಂದು ಅಂದಿನಿಂದ ಬೋಧಕರು ಬಿಡದೆ ಹೇಳುತ್ತ ಬಂದರು. ೨೦೨೩ರ ಮೇ ೧೧ ಮತ್ತು ೧೨ರಂದು ನಿಜವಾದ ಜಾಲದಲ್ಲಿಯೇ ಕೆಲವು ತಂತ್ರಾಂಶಗಳು ಹೊರೆ ತಾಳದೆ ತಡವರಿಸಿ, ಪುಟಗಳ ಅಂತಿಮ ಮುದ್ರೆ ಮೊದಲ ದಿನ ಸುಮಾರು ೨೫ ನಿಮಿಷ, ಮರುದಿನ ಒಂದು ಗಂಟೆಗೂ ಹೆಚ್ಚು ಕಾಲ ನಿಂತಿತು. ಉಳಿದ ತಂತ್ರಾಂಶಗಳು ಕೆಲಸ ಮಾಡುತ್ತಲೇ ಇದ್ದುದರಿಂದ ಜಾಲ ತಾನಾಗಿ ಚೇತರಿಸಿಕೊಂಡಿತು.

ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥ ಯಂತ್ರವೊಂದನ್ನು ಮನೆಯ ಪುಸ್ತಕದ ಕಪಾಟಿನ ಮೇಲೆ ಇಟ್ಟಿದ್ದಾನೆ. ಅವನಲ್ಲಿ ೩೨ ಈಥರ್ ಇಲ್ಲ. ಸಾಕ್ಷಿ ಹಾಕುವುದನ್ನು ಅಭ್ಯಾಸದ ಜಾಲದಲ್ಲಿ ಕಲಿಯುತ್ತಿದ್ದಾನೆ. “ಕರೆಂಟು ಹೋದರೆ ಏನಯ್ಯ ಗತಿ?” ಎಂದು ಕೇಳಿದೆ. “ಏನೂ ಆಗಲ್ಲ ಸಾರ್. ಅಷ್ಟು ಹೊತ್ತಿನ ಆದಾಯ ಬರಲ್ಲ, ಹೆಚ್ಚುಕಡಿಮೆ ಅಷ್ಟೇ ದಂಡ ಬೀಳುತ್ತೆ. ಅದಕ್ಕೆ ಹೆದರಿಕೊಂಡು ಅದೇ ಕೀಲಿಯನ್ನ ಇನ್ನೊಂದು ಯಂತ್ರಕ್ಕೂ ಹಾಕಿದರೆ ಮಾತ್ರ ಕೆಟ್ಟೆವು. ಒಂದು ದಿನ ಸುಮ್ಮನಿದ್ದರೂ ಸರಿ, ಎರಡು ಸಲ ಸಹಿ ಹಾಕಬೇಡ ಅಂತ ಮೊದಲ ದಿನವೇ ಹೇಳಿಕೊಟ್ಟರು” ಎಂದ. ಹೇಳಿಕೊಟ್ಟವರ ಮುಖವನ್ನು ಅವನು ಕಂಡಿಲ್ಲ. ಸಂಬಳವಿಲ್ಲದೆ ದೂರದೇಶಗಳಿಂದ ಕಲಿಸಿದವರು. ತಂತ್ರಾಂಶದ ಮೇಲಿನ ಸಹಿಯನ್ನು ಪರೀಕ್ಷಿಸುವುದು, ಕೀಲಿಯ ೨೪ ಪದಗಳನ್ನು ಕಾಗದದಲ್ಲಿ ಬರೆದು ಯಾರಿಗೂ ತೋರದೆ ಇಡುವುದು, ಕಲಿಸುವವನೇ ಆ ಪದಗಳನ್ನು ಕೇಳಿದರೆ ಅವನನ್ನು ಕಳ್ಳನೆಂದು ತಿಳಿಯುವುದು, ಇವೆಲ್ಲ ಅವನು ಕಲಿತ ಪಾಠಗಳು. ಶಿಷ್ಯನಿಗೆ ತನ್ನನ್ನೇ ಸಂಶಯಿಸಲು ಕಲಿಸುವ ಗುರುಗಳನ್ನು ಕಂಡು ನನಗೆ ಗೌರವ ಬಂತು.

ಇಷ್ಟೆಲ್ಲ ಶ್ರಮವೇಕೆ, ದೊಡ್ಡ ಕಂಪನಿಗಳು ಅಚ್ಚುಕಟ್ಟಾಗಿ ನಡೆಸುವುದಿಲ್ಲವೆ ಎಂದು ಕೇಳಬಹುದು. ನಡೆಸುತ್ತವೆ; ಬಹುಪಾಲು ನಡೆಯುತ್ತಿರುವುದೂ ಹಾಗೆಯೇ. ಆದರೆ ೨೦೨೦ರ ನವೆಂಬರ್ ೧೧ರಂದು ಇನ್ಫ್ಯೂರಾ ಎಂಬ ದೊಡ್ಡ ಸೇವೆ ಹಳೆಯ ತಂತ್ರಾಂಶವನ್ನೇ ಇಟ್ಟುಕೊಂಡಿದ್ದು ದಾರಿ ತಪ್ಪಿದಾಗ, ಅದರ ಕಣ್ಣಿನಿಂದಲೇ ಈಥೀರಿಯಮ್ಮಿನ ಪುಸ್ತಕ ನೋಡುತ್ತಿದ್ದವರೆಲ್ಲರಿಗೂ ಕತ್ತಲಾಯಿತು; ಕೆಲವು ವಿನಿಮಯ ಕೇಂದ್ರಗಳು ಹಣ ಹಿಂದೆಗೆಯುವುದನ್ನೇ ನಿಲ್ಲಿಸಬೇಕಾಯಿತು. ಎರಡು ಸಲ ಸಹಿ ಹಾಕುವ ತಪ್ಪೂ ಮನೆಯವರಿಗಷ್ಟೇ ಮೀಸಲಲ್ಲ: ೨೦೨೧ರ ಫೆಬ್ರವರಿಯಲ್ಲಿ ಇದನ್ನೇ ಉದ್ಯೋಗ ಮಾಡಿಕೊಂಡಿದ್ದ ಒಂದು ಕಂಪನಿಯ ೭೫ ಠೇವಣಿಗಳು ಒಮ್ಮೆಗೇ ದಂಡಕ್ಕೆ ಗುರಿಯಾದವು.

೩೨ ಈಥರ್ ಠೇವಣಿಯಿಡುವುದು ಸಂಬಳದವನ ಅಳವಲ್ಲ. ಆ ಮಟ್ಟಿಗೆ ಈ ಸಮಾನತೆಯಲ್ಲಿ ಹುಳುಕುಂಟು. ಆದರೆ ಪುಸ್ತಕ ಇಟ್ಟು ತಾಳೆ ನೋಡುವುದಕ್ಕೆ ಠೇವಣಿ ಬೇಕಿಲ್ಲ. ಒಂದು ಸಣ್ಣ ಯಂತ್ರ, ದೊಡ್ಡ ಡಿಸ್ಕು, ನಾಲ್ಕು ದಿನದ ತಾಳ್ಮೆ, ಪಕ್ಕದಲ್ಲಿ ಒಬ್ಬ ಬಲ್ಲವನು, ಇಷ್ಟಾದರೆ ಸಾಕು. ಕೊನೆಯದು ಸಿಗುವುದೇ ಕಷ್ಟ. ಯಾರು ಬೇಕಾದರೂ ಲೆಕ್ಕ ನೋಡಬಹುದೆಂದು ನಿಯಮದಲ್ಲಿ ಬರೆದಿಟ್ಟು, ನೋಡುವುದನ್ನು ಹೇಳಿಕೊಡುವವರೇ ಇಲ್ಲದೆ ಹೋದರೆ, ಇನ್ನೊಂದು ತಲೆಮಾರಿಗೆ ಪುಸ್ತಕ ಮತ್ತೆ ಒಬ್ಬ ಶಾನುಭೋಗನ ಮನೆ ಸೇರುತ್ತದೆ. ಈ ಸಲ ಅವನ ಮನೆ ಎಲ್ಲಿದೆಯೆಂಬುದೂ ನಮಗೆ ತಿಳಿಯದು.